ಹುಡುಗರು ಕೇಳಿದಾಗ ಮೊದಲ ಉತ್ತರ ಏನಿರಬೇಕು

ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರು, ಹೈಸ್ಕೂಲ್ ಮಾಸ್ತರರಿಗೆ ಲೈಂಗಿಕ ಆರೋಗ್ಯದ ತರಬೇತಿ ಕೊಡುವಾಗ ಹೆಚ್ಚಿನ ಹೊತ್ತು ಗರ್ಭಕೋಶದ ಚಿತ್ರ ತೋರಿಸುವುದರಲ್ಲೇ ಹೋಗುತ್ತದೆ. ಅದಕ್ಕೆ ಅರ್ಧ ತಾಸು ಸಾಕು. ಉಳಿದ ಹೊತ್ತೆಲ್ಲ ಹುಡುಗರು ಕೇಳಿದ ಕೂಡಲೇ ದೊಡ್ಡವರ ಬಾಯಿಂದ ಬರುವ ಮೊದಲ ಉತ್ತರದ ರೂಢಿಗೆ ಕೊಡಬೇಕು.

"ಅಕ್ಕಾ, ಮುತ್ತು ಕೊಟ್ರ ಬಸುರಾಗ್ತಾರೇನು?" ಅಂತ ಏಳನೇ ಇಯತ್ತೆಯ ಹುಡುಗಿ ಕೇಳಿದರೆ, ತಾನಾಗಿ ಬರುವ ಮಾತು "ಇದನ್ನ ನಿನಗ್ಯಾರು ಹೇಳಿದ್ರು?" ಹುಡುಗಿಯ ಕಿವಿಗೆ ಅದು ವಿಚಾರಣೆ. ಮುಂದಿನ ಪ್ರಶ್ನೆ ಮೊಬೈಲಿಗೆ ಹೋಗುತ್ತದೆ. ಅದರ ಬದಲು "ಕೇಳಿದ್ದು ಚಲೋ ಆತು, ನಿನಗೇನ ಅನಸ್ತೈತಿ?" ಎಂದು ಕೇಳಿ, ಅವಳ ಮಾತು ಪೂರ್ತಿ ಮುಗಿದ ಮೇಲೆ ಎರಡು ವಾಕ್ಯ ಹೇಳಿದರಾಯಿತು: "ಮುತ್ತಿನಿಂದ ಆಗೂದಿಲ್ಲ. ಗಂಡಸಿನ ವೀರ್ಯ ಹೆಂಗಸಿನ ಯೋನಿಯೊಳಗ ಹೋದ್ರ ಬಸುರಾಗಬಹುದು." ಬೆನ್ನಿಗೇ ನೀತಿಪಾಠ ಜೋಡಿಸಿದರೆ ಹುಡುಗಿಗೆ ನೆನಪುಳಿಯುವುದು ಪಾಠ, ಉತ್ತರವಲ್ಲ.

ಇದು ಓದಿ ಬರುವುದಲ್ಲ, ಬಾಯಿಬಿಟ್ಟು ಹೇಳಿಯೇ ಬರಬೇಕು. 12–15 ಜನರ ಗುಂಪು ಮಾಡಿ, ಇಬ್ಬಿಬ್ಬರನ್ನು ಎದುರುಬದುರು ಕೂಡಿಸದೆ ಪಕ್ಕಪಕ್ಕ ಕೂಡಿಸಿರಿ. ಮುಖ ನೋಡುವ ಮುಜುಗರ ತಪ್ಪಿದರೆ ಮಾತು ಹೊರಡುತ್ತದೆ. ಅತ್ತೆ-ಸೊಸೆಯರು ಒಂದೇ ಜೋಡಿಯಲ್ಲಿ ಬೇಡ. ಚೀಟಿಯಲ್ಲಿ ಪ್ರಶ್ನೆ ಬರೆಸಿ ಡಬ್ಬಿಗೆ ಹಾಕಿಸುವಾಗ ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು ಕೊಡಿರಿ. ಪ್ರಶ್ನೆ ಇಲ್ಲದವರೂ "ಪ್ರಶ್ನೆ ಇಲ್ಲ" ಎಂದು ಬರೆಯಲೇಬೇಕು. ಇಲ್ಲದಿದ್ದರೆ ಬರೆದವರು ಯಾರು ಎಂಬುದು ಎಲ್ಲರಿಗೂ ಗೊತ್ತಾಗಿ, ಮುಂದಿನ ಸಲ ಡಬ್ಬಿ ಖಾಲಿ.

ಹೆಚ್ಚು ಕೆಡುವುದು ಗುಟ್ಟಿನ ವಿಷಯದಲ್ಲಿ. ಹುಡುಗಿ ಬಾಯಿ ತೆರೆಯುವ ಮೊದಲೇ ಪ್ರೀತಿಯಿಂದ "ಯಾರ ಮುಂದೂ ಹೇಳೂದಿಲ್ಲ" ಎಂದು ಆಣೆ ಮಾಡಿಬಿಡುತ್ತಾರೆ. ಅವಳು 18ರೊಳಗಿನವಳಾಗಿದ್ದು, ಲೈಂಗಿಕ ದೌರ್ಜನ್ಯ ಆಗಿದೆ ಎಂದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ದೊಡ್ಡವರು ಮುಚ್ಚಿಟ್ಟರೆ ಶಿಕ್ಷೆಯಿದೆ. ಆಣೆ ಮುರಿದರೆ ಹುಡುಗಿ ಮತ್ತೆ ಯಾರನ್ನೂ ನಂಬುವುದಿಲ್ಲ. ಅದಕ್ಕೇ ಮೊದಲೇ ಹೇಳಿಡಬೇಕು: "ನೀ ಹೇಳಿದ್ದು ಊರ ತುಂಬ ಹಬ್ಬೂದಿಲ್ಲ. ಆದರ ನಿನಗ ಅಪಾಯ ಇದ್ರ, ನಿನಗ ಹೇಳೇ ಇನ್ನೊಬ್ಬರ ಸಹಾಯ ತಗೋತೀನಿ." ಈ ವಾಕ್ಯವನ್ನು ತರಬೇತಿಯಲ್ಲಿ ಪ್ರತಿಯೊಬ್ಬರೂ ಗಟ್ಟಿಯಾಗಿ ಹೇಳಬೇಕು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ಎಲ್ಲರ ಮೊಬೈಲಿನಲ್ಲೂ ಇರಲಿ.

ದೌರ್ಜನ್ಯ ಆದಾಗ ಮನೆಯವರು ಕೂತು ಮರ್ಯಾದೆಯ ಮಾತಾಡುತ್ತ ಎರಡು ದಿನ ಕಳೆಯುತ್ತಾರೆ. ತುರ್ತು ಗರ್ಭನಿರೋಧಕ ಗುಳಿಗೆಯನ್ನೂ ಎಚ್‌ಐವಿ ತಡೆಯುವ ಔಷಧವನ್ನೂ 72 ತಾಸಿನೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ, ಈಗ ಕೆಎಂಸಿಆರ್‌ಐ ಆಗಿರುವ ಕಿಮ್ಸ್‌ಗೋ ನೇರ ಹೋಗಿರಿ. ಎಫ್‌ಐಆರ್ ತಂದ ಮೇಲೇ ಚಿಕಿತ್ಸೆ ಎಂದು ಹೇಳುವ ಅಧಿಕಾರ ಯಾವ ಆಸ್ಪತ್ರೆಗೂ ಇಲ್ಲ.

ಮುಟ್ಟಿನ ಪ್ರಶ್ನೆಗಳು ಸುಲಭ. ಮೊದಲ ಎರಡು ವರ್ಷ ತಿಂಗಳು ಹಿಂದುಮುಂದಾಗುವುದು ಸಹಜ. ರಕ್ತ ಹೋಗುವುದು ಏಳು ದಿನ ದಾಟಿದರೆ, ತಾಸು-ಎರಡು ತಾಸಿಗೇ ಪ್ಯಾಡ್ ತೊಯ್ದರೆ, 15 ತುಂಬಿದರೂ ಮುಟ್ಟು ಬಾರದಿದ್ದರೆ ವೈದ್ಯರಿಗೆ ತೋರಿಸಬೇಕು. ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಇರುವುದೇ 10ರಿಂದ 19 ವರ್ಷದವರಿಗೆ.

ಗಂಡು ಹುಡುಗರ ಪಾಲಿಗೆ ಹೇಳುವವರು ಯಾರೂ ಇಲ್ಲ, ಇದು ನಮಗೆ ದೊಡ್ಡ ಚಿಂತೆ. ನಿದ್ದೆಯಲ್ಲಿ ವೀರ್ಯ ಹೋಯಿತೆಂದು ಹೆದರಿ, ಬಸ್‌ಸ್ಟ್ಯಾಂಡ್ ಗೋಡೆಯ ಜಾಹೀರಾತು ನೋಡಿ ಧಾತು ಔಷಧಕ್ಕೆ ದುಡ್ಡು ಸುರಿಯುತ್ತಾರೆ. ಅಪ್ಪಂದಿರು ಸಭೆಗೆ ಬರುವುದು ಕಡಿಮೆ. ನಮ್ಮ ಕಡೆ ಗರಡಿ ಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದಿಯ ಮಾತನ್ನು ಹುಡುಗರು ಕೇಳುತ್ತಾರೆ, ಅವರನ್ನು ಸಂಜೆ ತಾಲೀಮು ಮುಗಿದ ಮೇಲೆ ಅಲ್ಲೇ ಹೋಗಿ ಕಾಣಬೇಕು. ವೀರ್ಯ ಉಳಿಸಿದರೇ ತಾಕತ್ತು ಎಂಬ ಬ್ರಹ್ಮಚರ್ಯದ ವಾದಕ್ಕೆ ಇಳಿಯಬೇಡಿರಿ. ಅದು ಮುಗಿಯುವುದಿಲ್ಲ, ಅವರಿಗೂ ನೋವಾಗುತ್ತದೆ. ಒಂದು ಮಾತು ಒಪ್ಪಿಸಿದರೆ ಸಾಕು: "ನಿದ್ದ್ಯಾಗ ಹೋದ್ರ ತಾಕತ್ತು ಕಡಿಮಿ ಆಗೂದಿಲ್ಲ, ಈ ವಯಸ್ಸಿಗೆ ಭಾಳ ಮಂದಿಗೆ ಆಗತೈತಿ, ಔಷಧ ಬ್ಯಾಡ." ಉರಿಮೂತ್ರ, ಹುಣ್ಣು, ಕೀವು ಇದ್ದರೆ ಆಸ್ಪತ್ರೆಗೆ ಕಳಿಸಲು ಅವರಿಗೆ ತಿಳಿಸಿರಿ.