ಡಿಪಿಐ ಎಂಬ ಮಾಯೆ

ಹಳೇ ನೆಗೆಟಿವ್‌ಗಳಿಗೊಂದು ಸ್ಕ್ಯಾನರ್ ಹುಡುಕುತ್ತಿದ್ದೇನೆ. ಡಬ್ಬಿಯ ಮೇಲಿನ ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ನಂಬಿದರೆ ಕೆಟ್ಟೆವು. ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡುವ ಎಪ್ಸನ್ ವಿ600 ಫ್ಲಾಟ್‌ಬೆಡ್ ಹೇಳಿಕೊಳ್ಳುವುದು 6400. ಫಿಲ್ಮ್‌ನಿಂದ ನಿಜಕ್ಕೂ ಎತ್ತುವ ವಿವರ ಅದರ ಅರ್ಧವೂ ಇಲ್ಲ. ಮಿಕ್ಕಿದ್ದು ಫೈಲ್ ಉಬ್ಬಿಸುವ ಪಿಕ್ಸೆಲ್. ಹಾಗಂತ ತೀರಾ ಬೇಸರ ಬೇಡ: 35 ಎಂಎಂ ಫ್ರೇಮ್ ಅಂದರೆ 36×24 ಮಿ.ಮೀ., ಅಪ್ಪಟ 2400 ಡಿಪಿಐ ಸಿಕ್ಕರೂ ಸುಮಾರು 77 ಲಕ್ಷ ಪಿಕ್ಸೆಲ್. ಆಲ್ಬಮ್ ಪ್ರಿಂಟ್‌ಗೆ ಧಾರಾಳ.

ಪ್ಲಸ್ಟೆಕ್ ಆಪ್ಟಿಕ್‌ಫಿಲ್ಮ್ ಥರದ, ಫಿಲ್ಮ್‌ಗೇ ಮೀಸಲಾದ ಸ್ಕ್ಯಾನರ್‌ನಲ್ಲಿ ವಿವರ ಹೆಚ್ಚು. ಆದರೆ 8200 ಮಾಡೆಲ್‌ಗೆ 35 ಎಂಎಂ ಮಾತ್ರ ಆಗುತ್ತದೆ, ಒಂದೊಂದೇ ಫ್ರೇಮನ್ನು ಕೈಯಿಂದ ತಳ್ಳುತ್ತಾ ಕೂರಬೇಕು. ಕ್ಯಾಮೆರಾಗೆ ಮ್ಯಾಕ್ರೋ ಲೆನ್ಸ್ ಹಾಕಿ ನೆಗೆಟಿವ್‌ನದೇ ಫೋಟೋ ತೆಗೆಯುವವರೂ ಇದ್ದಾರೆ, ವೇಗದಲ್ಲಿ ಅವರನ್ನು ಮೀರಿಸುವವರಿಲ್ಲ.

ಧೂಳು-ಗೀರು ಅಳಿಸುವ ಇನ್‌ಫ್ರಾರೆಡ್ ಸೌಲಭ್ಯಕ್ಕೆ ಮೊದಲು ಮರುಳಾಗಿದ್ದೆ. ಬಣ್ಣದ ನೆಗೆಟಿವ್‌ನ ಡೈ ಮೂಲಕ ಆ ಕಿರಣ ಸಲೀಸಾಗಿ ದಾಟುತ್ತದೆ, ಧೂಳು ಮಾತ್ರ ತಡೆಯುತ್ತದೆ. ಹಾಗಾಗಿ ಯಂತ್ರಕ್ಕೆ ಧೂಳು ಗೊತ್ತಾಗುತ್ತದೆ. ಮಾಮೂಲಿ ಕಪ್ಪು-ಬಿಳುಪಿನಲ್ಲಿ ಚಿತ್ರವೇ ಬೆಳ್ಳಿಯ ಕಣ, ಅದೂ ಕಿರಣವನ್ನು ತಡೆಯುತ್ತದೆ. ಯಂತ್ರದ ಕಣ್ಣಿಗೆ ಮುಖವೂ ಧೂಳೇ! ನನ್ನ ಹತ್ತಿರ ಇರುವುದು ಬಹುಪಾಲು ಕಪ್ಪು-ಬಿಳುಪೇ. ಬೆಳಕಿಗೆ ಹಿಡಿದರೆ ಕಪ್ಪು ಕೂದಲೆಲ್ಲ ಬಿಳಿ, ಮಕ್ಕಳೂ ಮುದುಕರು. ಯಾರು ಯಾರೆಂದು ಗುರುತಿಸುವಷ್ಟರಲ್ಲಿ ಸ್ಕ್ಯಾನರ್ ವಿಷಯವೇ ಮರೆತುಹೋಗುತ್ತದೆ.

ನಡುವೆ 35 ಎಂಎಂಗಿಂತ ಅಗಲವಾದ ಕೆಲವು 120 ಫಿಲ್ಮ್‌ಗಳೂ ಇವೆ. ಸದ್ಯಕ್ಕೆ ಮನಸ್ಸು ಫ್ಲಾಟ್‌ಬೆಡ್ ಕಡೆಗೇ. ಧೂಳಿಗೆ ಬ್ಲೋವರ್, ಮೆತ್ತನೆ ಬ್ರಷ್. ಬಳಸಿದವರು ಇದ್ದರೆ ಹೇಳಿ, ಸುರುಳಿಕಟ್ಟಿದ ಫಿಲ್ಮ್ ಅದರ ಹೋಲ್ಡರ್‌ನಲ್ಲಿ ಚಪ್ಪಟೆ ಕೂರುತ್ತದಾ?