ಹಸಿರು ದೀಪ ಉರಿಯುತ್ತಿದೆ, ನೆಟ್‌ವರ್ಕ್ ಮಾತ್ರ ಇಲ್ಲ

"ಸ್ವಿಚ್ ಹೋಗಿದೆ" ಅನ್ನುವ ದೂರು ಬಂದಾಗ ಹೆಚ್ಚಿನ ಸಲ ಹೋಗಿರುವುದು ಸ್ವಿಚ್ (ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಒಂದು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆ) ಅಲ್ಲ. ಹಾಗಾಗಿ ರೀಬೂಟ್ ಮಾಡುವ ಆಸೆಯನ್ನು ಸ್ವಲ್ಪ ಹೊತ್ತು ತಡೆದುಕೊಳ್ಳಿ. ರೀಬೂಟ್ ಆದರೆ ಪೋರ್ಟ್‌ಗಳ (ಕೇಬಲ್ ಸಿಕ್ಕಿಸುವ ಕಿಂಡಿಗಳ) ಎರರ್ ಕೌಂಟರ್ ಸೊನ್ನೆಗೆ ಬರುತ್ತದೆ, ಮೆಮೊರಿಯಲ್ಲಿದ್ದ ಲಾಗ್ ಅಳಿಸಿಹೋಗುತ್ತದೆ. ಸಾಕ್ಷಿಯನ್ನು ನಾವೇ ಒರೆಸಿ ಹಾಕಿದಂತೆ.

ಪೋರ್ಟ್‌ನ ದೀಪವೇ ಉರಿಯದಿದ್ದರೆ ಕೆಲಸ ಸುಲಭ. ಮೊದಲು ಆ ಪೋರ್ಟನ್ನು ಯಾರಾದರೂ ಶಟ್‌ಡೌನ್ ಮಾಡಿಟ್ಟಿದ್ದಾರಾ ನೋಡಿ. ಇಲ್ಲವಾದರೆ ಅದೇ ಕೇಬಲನ್ನು ಸರಿಯಿರುವ ಇನ್ನೊಂದು ಪೋರ್ಟ್‌ಗೆ ಹಾಕಿ. ಆಮೇಲೆ ಪ್ಯಾಚ್ ಕಾರ್ಡ್ (ಜೋಡಿಸುವ ಚಿಕ್ಕ ಕೇಬಲ್) ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಕೇಬಲ್, ಪೋರ್ಟ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಕಾರಣ ತಿಳಿಯುವುದಿಲ್ಲ.

ಗಿಗಾಬಿಟ್ ಬರಬೇಕಾದ ಕಡೆ ಲಿಂಕ್ 100 ಎಂಬಿಪಿಎಸ್‌ನಲ್ಲಿ ನಿಂತಿದ್ದರೆ ತಂತಿಗಳನ್ನು ಅನುಮಾನಿಸಿ. ಕೇಬಲ್‌ನೊಳಗಿನ ಎಂಟು ತಂತಿಗಳಲ್ಲಿ 100ಕ್ಕೆ 1-2 ಮತ್ತು 3-6ರ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಆಟೋ ನೆಗೋಷಿಯೇಷನ್ (ಎರಡು ತುದಿಗಳು ವೇಗವನ್ನು ತಾವೇ ಮಾತಾಡಿಕೊಳ್ಳುವುದು) ನಡೆಯುವುದು ಮೊದಲ ಎರಡು ಜೋಡಿಗಳ ಮೇಲೆ. ಆದ್ದರಿಂದ 4-5 ಅಥವಾ 7-8 ತುಂಡಾಗಿದ್ದರೂ ಎರಡು ತುದಿಗಳು ಗಿಗಾಬಿಟ್‌ಗೆ ಒಪ್ಪಿಕೊಂಡು, ಕೊನೆಗೆ ಲಿಂಕ್ ಕಟ್ಟಲಾಗದೆ ಸೋಲುತ್ತವೆ. ಕೆಲವು ಸಾಧನಗಳು ಆಗ 100ಕ್ಕೆ ಇಳಿಯುತ್ತವೆ, ಕೆಲವು ಆನ್-ಆಫ್ ಆಗುತ್ತಲೇ ಇರುತ್ತವೆ. ಕನೆಕ್ಟರ್ ಮತ್ತೆ ಕ್ರಿಂಪ್ ಮಾಡಿ (ತಂತಿಗಳ ಮೇಲೆ ಒತ್ತಿ ಕೂರಿಸಿ). ಒಟ್ಟು ಉದ್ದ 100 ಮೀಟರ್ ದಾಟಿಲ್ಲ ಅನ್ನುವುದನ್ನೂ ನೋಡಿಕೊಳ್ಳಿ.

ನಿಜವಾಗಿ ಕಾಡುವುದು ಡ್ಯೂಪ್ಲೆಕ್ಸ್ ಮಿಸ್‌ಮ್ಯಾಚ್: ಒಂದು ತುದಿ ಫುಲ್ (ಒಟ್ಟಿಗೇ ಕಳಿಸಿ ಪಡೆಯುವುದು), ಇನ್ನೊಂದು ಹಾಫ್ (ಒಂದು ಸಲಕ್ಕೆ ಒಂದೇ) ಆಗಿರುವುದು. ಒಂದು ಕಡೆ 100 ಫುಲ್ ಎಂದು ಕೈಯಾರೆ ಕಟ್ಟಿಹಾಕಿ, ಇನ್ನೊಂದು ಕಡೆ ಆಟೋ ಬಿಟ್ಟರೆ ಇದು ಹುಟ್ಟುತ್ತದೆ. ಆಟೋ ಇರುವ ತುದಿ ಸಿಗ್ನಲ್ ನೋಡಿ ವೇಗವನ್ನು ಗುರುತಿಸಬಲ್ಲದು, ಡ್ಯೂಪ್ಲೆಕ್ಸ್ ಗುರುತಿಸಲಾರದು. ನಿಯಮದಂತೆ ಹಾಫ್‌ಗೆ ಬೀಳುತ್ತದೆ. ಪಿಂಗ್ ಚೆನ್ನಾಗಿಯೇ ಬರುತ್ತದೆ, ದೀಪವೂ ಹಸಿರು. ದೊಡ್ಡ ಫೈಲ್ ಕಾಪಿ ಮಾಡಿ ನೋಡಿ, ತೆವಳುತ್ತದೆ. ಫುಲ್ ತುದಿ ಕೇಳದೆ ಕಳಿಸುತ್ತದೆ. ಹಾಫ್ ತುದಿ ಅದನ್ನು ಡಿಕ್ಕಿ ಎಂದು ತಿಳಿದು ತನ್ನ ಫ್ರೇಮನ್ನು (ಕಳಿಸುತ್ತಿದ್ದ ಡೇಟಾ ಕಂತನ್ನು) ಅರ್ಧಕ್ಕೇ ನಿಲ್ಲಿಸುತ್ತದೆ. ಹಾಗಾಗಿ ಹಾಫ್ ಕಡೆ ಲೇಟ್ ಕೊಲಿಷನ್ (ತಡವಾಗಿ ಕಂಡ ಡಿಕ್ಕಿ), ಫುಲ್ ಕಡೆ ಸಿಆರ್‌ಸಿ ಎರರ್ (ಕೆಟ್ಟು ಬಂದ ಫ್ರೇಮ್‌ಗಳ ಲೆಕ್ಕ) ಏರುತ್ತವೆ. ಈ ಜೋಡಿ ಕಂಡರೆ ಬೇರೇನೂ ಹುಡುಕಬೇಡಿ, ಎರಡೂ ಕಡೆ ಆಟೋ ಮಾಡಿ. ಎರಡೂ ತುದಿ ಫುಲ್ ಇದ್ದೂ ಸಿಆರ್‌ಸಿ ಮಾತ್ರ ಏರುತ್ತಿದ್ದರೆ ಕೇಬಲ್ ಕಡೆ ತಿರುಗಿ. ಕೌಂಟರ್ ಕ್ಲಿಯರ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡುವುದನ್ನು ಮರೆಯಬೇಡಿ. ಹಿಂದೆಂದೋ ಆದ ಎರರ್‌ಗಳ ಮೊತ್ತ ಇವತ್ತಿನ ಕತೆ ಹೇಳುವುದಿಲ್ಲ.

ಲಿಂಕ್ ಸರಿಯಿದ್ದೂ ಕಂಪ್ಯೂಟರ್‌ಗೆ 169.254ರಿಂದ ಶುರುವಾಗುವ ವಿಳಾಸ ಬಂದಿದೆಯೇ? ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಸೇವೆ) ಉತ್ತರ ಸಿಕ್ಕಿಲ್ಲ ಎಂದರ್ಥ. ಮ್ಯಾಕ್ ಟೇಬಲ್ (ಯಾವ ಯಂತ್ರದ ಹಾರ್ಡ್‌ವೇರ್ ವಿಳಾಸ ಯಾವ ಪೋರ್ಟ್‌ನಲ್ಲಿದೆ ಎಂದು ಸ್ವಿಚ್ ಇಟ್ಟುಕೊಳ್ಳುವ ಪಟ್ಟಿ) ತೆಗೆದು ಆ ಯಂತ್ರದ ಮ್ಯಾಕ್ ವಿಳಾಸ ಯಾವ ವಿಎಲ್ಯಾನ್‌ನಲ್ಲಿದೆ (ಸ್ವಿಚ್‌ನೊಳಗೆ ಬೇರ್ಪಡಿಸಿದ ಯಾವ ನೆಟ್‌ವರ್ಕ್‌ನಲ್ಲಿದೆ) ನೋಡಿ. ವಿಎಲ್ಯಾನ್ ಸರಿಯಿದ್ದರೆ ಟ್ರಂಕ್‌ಗೆ (ಸ್ವಿಚ್‌ಗಳ ನಡುವೆ ಹಲವು ವಿಎಲ್ಯಾನ್ ಸಾಗಿಸುವ ಲಿಂಕ್‌ಗೆ) ಹೋಗಿ. ಸಿಸ್ಕೊ ಸ್ವಿಚ್‌ಗಳಲ್ಲಿ ಟ್ರಂಕ್‌ನ ಅಲೌಡ್ ಪಟ್ಟಿಗೆ ಹೊಸ ವಿಎಲ್ಯಾನ್ ಸೇರಿಸುವಾಗ 'ಆ್ಯಡ್' ಪದ ಬಿಟ್ಟರೆ ಹಳೆಯ ಪಟ್ಟಿ ಪೂರ್ತಿ ಹೋಗಿ ಹೊಸದೊಂದೇ ಉಳಿಯುತ್ತದೆ. ಇಡೀ ಮಹಡಿ ಕತ್ತಲಾಗಲು ಆ ಒಂದು ಪದ ಸಾಕು.

ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಸರಿಹೋಗುವುದಾದರೆ ಅದು ಸ್ಪ್ಯಾನಿಂಗ್ ಟ್ರೀ, ಲೂಪ್ (ಕೇಬಲ್‌ಗಳು ಸುತ್ತಿ ಅಲ್ಲಿಗೇ ಮರಳುವುದು) ಆಗದಂತೆ ಕಾಯುವ ವ್ಯವಸ್ಥೆ. ಅದರ ಹಳೆಯ 802.1ಡಿ ಮಾನದಂಡದ ಲೆಕ್ಕದಲ್ಲಿ ಪೋರ್ಟ್ ಕೆಲಸಕ್ಕಿಳಿಯುವ ಮೊದಲು ಲಿಸನಿಂಗ್ 15 ಸೆಕೆಂಡ್, ಲರ್ನಿಂಗ್ 15 ಸೆಕೆಂಡ್. ಅಷ್ಟರಲ್ಲಿ ಡಿಎಚ್‌ಸಿಪಿ ಕೈಚೆಲ್ಲಿರುತ್ತದೆ. ಕಂಪ್ಯೂಟರ್, ಪ್ರಿಂಟರ್ ಪೋರ್ಟ್‌ಗಳಿಗೆ ಪೋರ್ಟ್‌ಫಾಸ್ಟ್ (ಆ ಕಾಯುವಿಕೆ ತಪ್ಪಿಸುವ ಸೆಟ್ಟಿಂಗ್) ಕೊಡಿ, ಜೊತೆಗೆ ಬಿಪಿಡಿಯು ಗಾರ್ಡ್ (ಅಲ್ಲಿ ಸ್ವಿಚ್ ಸೇರಿಸಿದರೆ ಪೋರ್ಟ್ ಮುಚ್ಚುವ ಕಾವಲು) ಕೂಡ. ಇನ್ನೊಂದು ಸ್ವಿಚ್ ಸೇರುವ ಪೋರ್ಟ್‌ಗೆ ಖಂಡಿತ ಬೇಡ.

ಎಲ್ಲ ದೀಪಗಳೂ ಒಂದೇ ತಾಳದಲ್ಲಿ ಹುಚ್ಚೆದ್ದು ಮಿನುಗುತ್ತಿದ್ದರೆ ಲೂಪ್. ಲಾಗ್‌ನಲ್ಲಿ ಒಂದೇ ಮ್ಯಾಕ್ ಎರಡು ಪೋರ್ಟ್‌ಗಳ ನಡುವೆ ಹಾರುತ್ತಿರುವುದು ಕಾಣುತ್ತದೆ. ಆ ಎರಡರಲ್ಲಿ ಒಂದನ್ನು ಕಿತ್ತರೆ ಬಿರುಗಾಳಿ ನಿಲ್ಲುತ್ತದೆ. ಪೋರ್ಟ್ ಎರರ್-ಡಿಸೇಬಲ್ಡ್ (ದೋಷ ಕಂಡು ಸ್ವಿಚ್ಚೇ ಮುಚ್ಚಿದ) ಸ್ಥಿತಿಯಲ್ಲಿದ್ದರೆ ಕಾರಣ ಓದದೆ ಮತ್ತೆ ಎಬ್ಬಿಸಬೇಡಿ, ಇನ್ನೊಮ್ಮೆ ಬೀಳುತ್ತದೆ.

ಕ್ಯಾಮೆರಾ ಹಗಲಲ್ಲಿ ಸರಿಯಿದ್ದು ರಾತ್ರಿ ಮಾತ್ರ ಕಡಿತವಾಗುತ್ತಿದ್ದರೆ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಸಾಧನಕ್ಕೆ ಕೊಡುವ ವಿದ್ಯುತ್) ಲೆಕ್ಕ ಹಾಕಿ. ಪಿಒಇಯ 802.3ಎಎಫ್ ಮಾನದಂಡದಲ್ಲಿ ಪೋರ್ಟ್ 15.4 ವ್ಯಾಟ್ ಕೊಟ್ಟರೂ ಸಾಧನಕ್ಕೆ ಖಾತ್ರಿಯಾಗಿ ಸಿಗುವುದು 12.95. ಇನ್‌ಫ್ರಾರೆಡ್ ದೀಪ ಹೊತ್ತಿದೊಡನೆ ಬೇಡಿಕೆ ಅದನ್ನು ದಾಟಿದರೆ ಕ್ಯಾಮೆರಾ ಸತ್ತು ಹುಟ್ಟುತ್ತಿರುತ್ತದೆ. ಒಂದು ಪೋರ್ಟ್‌ನ ಮಿತಿಯಷ್ಟೇ ಅಲ್ಲ, ಸ್ವಿಚ್‌ನ ಒಟ್ಟು ಬಜೆಟ್ ಕೂಡ ನೋಡಿ: 24 ಪೋರ್ಟ್ ಇದ್ದ ಮಾತ್ರಕ್ಕೆ ಇಪ್ಪತ್ನಾಲ್ಕಕ್ಕೂ ಪೂರ್ತಿ ವಿದ್ಯುತ್ ಕೊಡುವ ಶಕ್ತಿ ಇರಲೇಬೇಕೆಂದಿಲ್ಲ.