ಮಳೆಗಾಲದ ಮಂಕು ಬರೀ ಸೋಮಾರಿತನ ಅಲ್ಲ

ಮೂಡಿಗೆರೆ ಕಡೆ ಜುಲೈನಲ್ಲಿ ಯಾರಾದರೂ ಹಾಸಿಗೆ ಬಿಟ್ಟು ಏಳದಿದ್ದರೆ "ಮಳೆಗಾಲ ಅಲ್ವಾ, ಬಿಡು" ಅಂತ ಮಾತು ಮುಗಿಸಿಬಿಡುತ್ತೇವೆ. ಬಹಳ ಸಲ ಅದು ನಿಜವೇ. ಪುನರ್ವಸು, ಪುಷ್ಯ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ, ಬಟ್ಟೆ ಒಣಗಲ್ಲ, ಕರೆಂಟ್ ಇಲ್ಲ, ತೋಟಕ್ಕಿಳಿದರೆ ಇಂಬಳ.

ಆದರೆ ನಮ್ಮ ಚಿಕ್ಕಮ್ಮನದು ಬೇರೆ ಥರ ಇತ್ತು. ವರ್ಷಾ ವರ್ಷಾ ಆಷಾಢದ ಹೊತ್ತಿಗೆ ಮಂಕಾಗೋರು, ದೀಪಾವಳಿ ಹತ್ತಿರ ಬಂದಂತೆ ತಾವಾಗೇ ಗೆಲುವಾಗೋರು. ಎಷ್ಟು ಮಲಗಿದರೂ ನಿದ್ದೆ ಸಾಲದು. ಊಟ ಬೇಡ, ಆದರೆ ಸಿಹಿ ಬೇಕು, ಹೊತ್ತಲ್ಲದ ಹೊತ್ತಿನಲ್ಲಿ ರೊಟ್ಟಿ ಬೇಕು. ಫೋನ್ ಬಂದರೆ "ನಾನಿಲ್ಲ ಅನ್ನು". ಬೆಳಿಗ್ಗೆ ಐದಕ್ಕೇ ಬಚ್ಚಲೊಲೆಗೆ ಬೆಂಕಿ ಹಾಕುವ ಹೆಂಗಸು, ನೆನೆಸಿದ ಬಟ್ಟೆ ಮುಗ್ಗಲು ವಾಸನೆ ಬಂದರೂ ಬಕೆಟ್ ಕಡೆ ನೋಡುತ್ತಿರಲಿಲ್ಲ.

ಸೀಸನಲ್ ಡಿಪ್ರೆಶನ್, ಅಂದರೆ ಒಂದೊಂದು ಕಾಲಕ್ಕೆ ಬಂದು ಹೋಗುವ ಖಿನ್ನತೆ ಅನ್ನೋದು ಇಂಥದ್ದೇ. 1984ರಲ್ಲಿ ಅಮೆರಿಕದ ನಾರ್ಮನ್ ರೊಸೆಂತಾಲ್ ಮತ್ತು ಜೊತೆಯವರು ಇದನ್ನು ವಿವರಿಸಿದ್ದು ಅಲ್ಲಿನ ಚಳಿಗಾಲ ನೋಡಿ. ಹಗಲು ಚಿಕ್ಕದಾದಾಗ ಕಣ್ಣಿಗೆ ಬೀಳುವ ಬೆಳಗಿನ ಬೆಳಕು ಕಡಿಮೆಯಾಗಿ, ಮಿದುಳಿನ ಗಡಿಯಾರ ಹಿಂದೆ ಬೀಳುತ್ತದೆ, ನಿದ್ದೆ ತರುವ ಮೆಲಟೋನಿನ್‌ನ ಹೊತ್ತು ತಪ್ಪುತ್ತದೆ, ಮನಸ್ಸಿನ ಗೆಲುವಿಗೆ ನಂಟಿರುವ ಸೆರೊಟೋನಿನ್ ಕೂಡ ಏರುಪೇರಾಗುತ್ತದೆ ಅನ್ನೋದು ಈಗಿನ ತಿಳುವಳಿಕೆ. ನಮ್ಮಲ್ಲಿ ಜುಲೈ ಹಗಲು ಉದ್ದವೇ. ಬೆಳಕನ್ನು ತಿನ್ನೋದು ಮೋಡ. ಹಾಗಾಗಿ ಅಲ್ಲಿನದನ್ನು ಇಲ್ಲಿಗೆ ಹಾಗೇ ಅಂಟಿಸಬಾರದು, ಮಳೆಗಾಲದಲ್ಲಿ ಬೇಜಾರಾದವರೆಲ್ಲ ರೋಗಿಗಳೂ ಅಲ್ಲ. ಕನಿಷ್ಠ ಎರಡು ವರ್ಷ ಸತತವಾಗಿ ಅದೇ ಕಾಲಕ್ಕೆ ಬಂದು ಹೋಗಬೇಕು, ದಿನದ ಕೆಲಸ ಕೆಡಬೇಕು, ಆಗ ಡಾಕ್ಟರು ಆ ಹೆಸರು ಹೇಳುತ್ತಾರೆ. ಕೆಲವರಿಗೆ ಬೇಸಿಗೆಯಲ್ಲೂ ಬರುತ್ತದೆ, ಆಗ ನಿದ್ದೆ, ಹಸಿವು ಎರಡೂ ಕಡಿಮೆ.

ಚಿಕ್ಕಮಗಳೂರಿನ ಡಾಕ್ಟರು ಚಿಕ್ಕಮ್ಮನಿಗೆ ಮೊದಲು ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಮಾಡಿಸಿದರು. ಅದು ಸರಿಯಾದ ಕ್ರಮ, ಸುಸ್ತಿಗೆ ಅವೂ ಕಾರಣ ಇರಬಹುದು. ಆಮೇಲೆ ಮಾತ್ರೆ, ಮಾತುಕತೆಯ ಚಿಕಿತ್ಸೆ, ಮತ್ತೆ ಬೆಳಗಿನ ಬೆಳಕು. ಹೊರದೇಶದಲ್ಲಿ ಬೆಳಕಿಗೆ ಅಂತಲೇ 10,000 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಲೈಟ್ ಬಾಕ್ಸ್ ಇದೆ, ಎದ್ದ ಕೂಡಲೇ 20-30 ನಿಮಿಷ ಅದರ ಮುಂದೆ ಕೂರೋದು. ನಮ್ಮ ಕರೆಂಟ್ ನಂಬಿಕೊಂಡು ಅದನ್ನು ತರಿಸಿದರೆ ಆಯ್ತು ಕಥೆ! ಕುತೂಹಲಕ್ಕೆ ಫೋನಿನ ಆ್ಯಪ್‌ನಲ್ಲಿ ಅಳೆದು ನೋಡಿದೆ. ಲೈಟ್ ಹಾಕಿದ ನಡುಮನೆಯಲ್ಲಿ ಲಕ್ಸ್ ನೂರರ ಆಸುಪಾಸು, ಮಳೆ ಸುರಿಯುವಾಗಲೂ ಜಗಲಿ ಅಂಚಿನಲ್ಲಿ ಸಾವಿರಗಳಲ್ಲಿತ್ತು. ಫೋನಿನ ಲೆಕ್ಕ ಪಕ್ಕಾ ಅಲ್ಲ, ಆದರೂ ವ್ಯತ್ಯಾಸ ನೋಡಿ. ಈಗ ಚಿಕ್ಕಮ್ಮನ ಬೆಳಗಿನ ಕಾಫಿ, ಸೊಪ್ಪು ಬಿಡಿಸೋದು ಎಲ್ಲ ಜಗಲಿಯಲ್ಲೇ. ಮಾತ್ರೆ ಮಾತ್ರ ಮಳೆಗೆ ಮುಂಚೆಯೇ ಶುರು.

ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ, ಒಮ್ಮೆ ಅತಿ ಮಂಕಿಗೆ ಹೋಗುವ ಕಾಯಿಲೆ) ಇರುವವರು, ಕಣ್ಣಿನ ಒಳಪರದೆಯಾದ ರೆಟಿನಾದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಲೈಟ್ ಬಾಕ್ಸ್ ಮುಟ್ಟಬೇಡಿ. ಮಾತ್ರೆಯನ್ನೂ ಬಿಸಿಲು ಬಂತು ಅಂತ ಸುಮ್ನೆ ನಿಲ್ಲಿಸಬೇಡಿ. ಸಾಯುವ ಯೋಚನೆ ಬರುತ್ತಿದ್ದರೆ ಮಳೆ ಬಿಡಲಿ ಅಂತ ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಿಗ್ನಲ್ ಇಲ್ಲದ ಎಸ್ಟೇಟ್‌ನಲ್ಲಿದ್ದರೆ ಪಕ್ಕದ ಮನೆಯವರನ್ನಾದರೂ ಎಬ್ಬಿಸಿ.